60 ವೋಲ್ಟ್ ಸ್ಕೂಟರ್ ಪ್ಯಾಕ್ ರಿಪೇರಿ: ಸವಕಳಿ ಎಷ್ಟು, ಏರುಪೇರು ಎಷ್ಟು

ಗಾಡಿ ಉಡುಪಿಯದು, ನಾಲ್ಕು ಮಳೆಗಾಲ ಕಂಡ ಎಲೆಕ್ಟ್ರಿಕ್ ಸ್ಕೂಟರ್. ಪ್ಯಾಕ್ 60 ವೋಲ್ಟ್, 26 ಎಎಚ್ (ಆಂಪಿಯರ್-ಅವರ್). ಒಳಗೆ ಎನ್‌ಎಂಸಿ (ಲಿಥಿಯಂ ಸೆಲ್‌ನ ಒಂದು ಬಗೆ) ರಸಾಯನದ 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಸೆಲ್ 160: ಹತ್ತತ್ತು ಸೆಲ್ ಪ್ಯಾರಲಲ್ ಆಗಿ ಸೇರಿದ ಒಂದು ಗ್ರೂಪ್, ಅಂಥ 16 ಗ್ರೂಪ್ ಸೀರೀಸ್‌ನಲ್ಲಿ. ಪೂರ್ತಿ ಚಾರ್ಜ್ ಆದಾಗ 67.2 ವೋಲ್ಟ್. ವಾರಂಟಿ ಮುಗಿದಿದೆ. ಪ್ಯಾಕಿನಿಂದ ಗಾಡಿಗೆ ಹೋಗುವುದು ಎರಡೇ ತಂತಿ, ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್) ಮತ್ತು ಕಂಟ್ರೋಲರ್ (ಮೋಟರಿಗೆ ಕರೆಂಟ್ ಕೊಡುವ ಬೋರ್ಡ್) ನಡುವೆ ಡೇಟಾ ಮಾತುಕತೆ ಇಲ್ಲ. ಈ ಕೊನೆಯ ವಿಷಯ ಮುಖ್ಯ. ಡೇಟಾ ತಂತಿ ಇರುವ ಗಾಡಿಗೆ ಹೊರಗಿನ ಬಿಎಂಎಸ್ ಹಾಕಿದರೆ ಕಂಟ್ರೋಲರ್ ಸ್ಟಾರ್ಟೇ ಆಗುವುದಿಲ್ಲ, ಹಾಗಾಗಿ ಮುಂದೆ ಬರೆದಿರುವ 6ನೇ ಹಂತ ಅಂಥ ಗಾಡಿಗೆ ಹೊಂದುವುದಿಲ್ಲ.

ದೂರು ಎರಡು. ಹೊಸದರಲ್ಲಿ 60 ಕಿ.ಮೀ. ಆಸುಪಾಸು ಓಡುತ್ತಿದ್ದದ್ದು ಈಗ 28ಕ್ಕೆ ನಿಲ್ಲುತ್ತದೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವಾಗ ಡಿಸ್‌ಪ್ಲೇ 45% ತೋರಿಸುತ್ತಿದ್ದರೂ ಒಮ್ಮೆಲೇ ಕಟ್ ಆಗುತ್ತದೆ, ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹೊರಡುತ್ತದೆ. ಹೊಸ ಪ್ಯಾಕಿಗೆ ಕೇಳಿದ ಬೆಲೆ 36,000 ರೂಪಾಯಿ.

ಈ ಎರಡನೇ ಲಕ್ಷಣ ಕಂಡ ಕೂಡಲೇ ಪ್ಯಾಕ್ ಬಿಚ್ಚುವುದು ಸರಿ ಅನಿಸಿತು. ಇಡೀ ಪ್ಯಾಕ್ ಸಮನಾಗಿ ಹಳತಾದರೆ ದೂರ ನಿಧಾನಕ್ಕೆ ಕಡಿಮೆಯಾಗುತ್ತದೆ, ಡಿಸ್‌ಪ್ಲೇ ಕೂಡ ಅದರ ಜೊತೆಗೇ ಇಳಿಯುತ್ತದೆ. 45% ಇರುವಾಗ ಕಟ್ ಆಗುವುದೆಂದರೆ 16ರಲ್ಲಿ ಒಂದೋ ಎರಡೋ ಗ್ರೂಪ್ ಮಾತ್ರ ಕೆಳಗಿದೆ ಎಂದು ಅರ್ಥ. ಡಿಸ್‌ಪ್ಲೇ ನೋಡುವುದು ಒಟ್ಟು ವೋಲ್ಟೇಜ್, ಬಿಎಂಎಸ್ ನೋಡುವುದು ಒಂದೊಂದು ಗ್ರೂಪ್. 14 ಗ್ರೂಪ್ ಚೆನ್ನಾಗಿದ್ದರೆ ಕೆಟ್ಟ ಎರಡು ಆ ಮೊತ್ತದಲ್ಲಿ ಅಡಗಿ ಕೂರುತ್ತವೆ.

1. ಬಿಚ್ಚುವ ಮೊದಲು

ಚಾರ್ಜರ್ ಔಟ್‌ಪುಟ್ ಅಳೆದರೆ 67.1 ವೋಲ್ಟ್, ಸರಿ ಇದೆ. ಟಯರ್ ಗಾಳಿ, ಬ್ರೇಕ್ ಹಿಡಿದಿದೆಯೇ ಎಂಬುದು ನೋಡಿ ಆಯಿತು. ಪೂರ್ತಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟು ಅಳೆದರೆ ಪ್ಯಾಕ್ 66.1 ವೋಲ್ಟ್. ಒಂದು ವೋಲ್ಟ್ ಕಡಿಮೆ.

ಸುರಕ್ಷತೆ: 67 ವೋಲ್ಟ್ ಡಿಸಿ ಅಂದರೆ ಸಣ್ಣದಲ್ಲ, ಅದರ ಹಿಂದಿರುವ ಕರೆಂಟ್ ಸ್ಪ್ಯಾನರನ್ನೇ ಕರಗಿಸುವಷ್ಟಿದೆ. ಉಂಗುರ, ವಾಚು, ಕೈಯ ಬಳೆ ತೆಗೆಯಬೇಕು. ಸ್ಕ್ರೂಡ್ರೈವರ್‌ನ ತುದಿ ಬಿಟ್ಟು ಉಳಿದ ಲೋಹಕ್ಕೆಲ್ಲ ಟೇಪ್ ಸುತ್ತಬೇಕು. ಕೆಲಸ ಮನೆಯ ಒಳಗೆ ಬೇಡ. ಶೀಟಿನ ಮಾಡಿನ ಕೆಳಗೆ, ಸುತ್ತ ತೆರೆದ ಜಾಗದಲ್ಲಿ, ಪಕ್ಕದಲ್ಲೇ ಧಾರಾಳ ನೀರು ಇರಲಿ. ಲಿಥಿಯಂ ಸೆಲ್‌ಗೆ ಬೆಂಕಿ ಹತ್ತಿದರೆ ಬೇಕಾದದ್ದು ತಣಿಸುವುದು, ಅದಕ್ಕೆ ನೀರೇ ಸರಿ.

2. ಪೆಟ್ಟಿಗೆ ತೆರೆದಾಗ

ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಚಪ್ಪಟೆಯಾಗಿತ್ತು. ಒಳಗೆ ನೀರು ನಿಂತ ಗುರುತಿಲ್ಲ, ಆದರೆ ಬಿಎಂಎಸ್‌ನ ಬ್ಯಾಲೆನ್ಸ್ ಕನೆಕ್ಟರ್ (ಪ್ರತಿ ಗ್ರೂಪ್‌ನಿಂದ ಬರುವ ಸಣ್ಣ ಸೆನ್ಸ್ ತಂತಿಗಳು ಕೂರುವ ಜಾಗ) ಪಿನ್‌ಗಳ ಬುಡದಲ್ಲಿ ಹಸಿರು ಕಿಲುಬು. ಮಲ್ಪೆ ಕಡೆಯ ಗಾಡಿಗಳಲ್ಲಿ ಇದು ಹೊಸ ನೋಟವಲ್ಲ. ಮಳೆ ನೇರವಾಗಿ ಒಳಗೆ ಬರಬೇಕೆಂದಿಲ್ಲ. ಗಾಡಿ ಓಡಿ ಪೆಟ್ಟಿಗೆ ಬಿಸಿಯಾದಾಗ ಗಾಳಿ ಹೊರಗೆ, ತಣಿದಾಗ ಒದ್ದೆ ಉಪ್ಪುಗಾಳಿ ಒಳಗೆ. ಗ್ಯಾಸ್ಕೆಟ್ ಸಡಿಲವಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಇದೇ ನಡೆಯುತ್ತದೆ.

ಇನ್ನೊಂದು ಗಮನಿಸಿದ್ದು: ಬಿಎಂಎಸ್‌ನ ಹೀಟ್‌ಸಿಂಕನ್ನು ಡಬಲ್ ಟೇಪ್‌ನಿಂದ ನೇರ 12ನೇ ಗ್ರೂಪ್‌ನ ಮೇಲೆ ಅಂಟಿಸಿದ್ದರು. ಮಾಸ್‌ಫೆಟ್‌ಗಳ (ಕರೆಂಟ್ ಹಾಯಿಸುವ ಸ್ವಿಚ್ ಟ್ರಾನ್ಸಿಸ್ಟರ್) ಬಿಸಿಯೆಲ್ಲ ಆ ಸೆಲ್‌ಗಳ ತಲೆಗೆ. ಉಷ್ಣತೆ ಅಳೆಯುವ ಸೆನ್ಸರ್ ಇದ್ದದ್ದು ಒಂದೇ, ಅದೂ ಪ್ಯಾಕಿನ ಆಚೆ ತುದಿಯಲ್ಲಿ. (ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಸುರಕ್ಷತಾ ಮಾನದಂಡವಾದ ಎಐಎಸ್-156ರ ಮೂರನೇ ತಿದ್ದುಪಡಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ಬಂತು. ಇದು ಅದಕ್ಕಿಂತ ಹಿಂದಿನ ಪ್ಯಾಕ್.)

ಬ್ಯಾಲೆನ್ಸ್ ಪ್ಲಗ್‌ನಲ್ಲಿ ಒಂದೊಂದೇ ಗ್ರೂಪ್ ಅಳೆದ ಲೆಕ್ಕ: 14 ಗ್ರೂಪ್ 4.17ರಿಂದ 4.18 ವೋಲ್ಟ್. 5ನೆಯದು 3.94. 12ನೆಯದು 3.70.

ಒಂದು ಕಿಲೋಹರ್ಟ್ಸ್ ಮೀಟರ್‌ನಲ್ಲಿ ಆಂತರಿಕ ರೋಧ: ಹೆಚ್ಚಿನ ಗ್ರೂಪ್ 3.8ರಿಂದ 4.2 ಮಿಲಿಓಮ್, 5ನೆಯದು 4.0, 12ನೆಯದು 6.9. ಅಂದರೆ 5ನೆಯದು ಖಾಲಿಯಾಗಿದೆ, ಆದರೆ ಸೊರಗಿಲ್ಲ. 12ನೆಯದು ಎರಡೂ. ಎನ್‌ಎಂಸಿಯಲ್ಲಿ 3.70 ವೋಲ್ಟ್ ಎಂದರೆ ಸುಮಾರು ಅರ್ಧ ಚಾರ್ಜ್. ಸೀರೀಸ್‌ನಲ್ಲಿ ಒಂದು ಗ್ರೂಪ್ ಅರ್ಧದಿಂದ ಹೊರಟರೆ ಇಡೀ ಪ್ಯಾಕ್ ಅರ್ಧವೇ. 28 ಕಿ.ಮೀ. ಲೆಕ್ಕ ಇಲ್ಲಿಗೆ ತಾಳೆಯಾಯಿತು.

3. ಸಮ ಮಾಡಿ ನೋಡಿದ್ದು (ಫಲಿಸಲಿಲ್ಲ)

ಬೆಂಚ್ ಸಪ್ಲೈಯನ್ನು (ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಹೊಂದಿಸುವ ಪವರ್ ಸಪ್ಲೈ) 4.18 ವೋಲ್ಟ್, 3 ಆಂಪಿಯರ್‌ಗೆ ಹೊಂದಿಸಿ 5 ಮತ್ತು 12ನೇ ಗ್ರೂಪನ್ನು ಪ್ರತ್ಯೇಕವಾಗಿ ಮೇಲೆ ತಂದಾಯಿತು. ಪ್ಯಾಕ್‌ನ ಎಲ್ಲ 16 ಗ್ರೂಪ್ 4.18. ಬಿಎಂಎಸ್ ಜೋಡಿಸಿದಂತೆಯೇ 10 ದಿನ ಬಿಟ್ಟು ಅಳೆದರೆ 14 ಗ್ರೂಪ್ 4.17, 5ನೆಯದು 4.11, 12ನೆಯದು 4.06.

ಎಷ್ಟೋ ರಿಪೇರಿ ಈ ಹಂತಕ್ಕೇ ಮುಗಿದುಬಿಡುತ್ತದೆ: ಕೆಳಗಿದ್ದ ಗ್ರೂಪನ್ನು ಚಾರ್ಜ್ ಮಾಡುವುದು, ಪೆಟ್ಟಿಗೆ ಮುಚ್ಚುವುದು, ಗಾಡಿ ಕೊಡುವುದು. ಮೊದಲ ವಾರ ಚೆನ್ನಾಗಿ ಓಡುತ್ತದೆ, ಎರಡು ಮೂರು ತಿಂಗಳಲ್ಲಿ ಅದೇ ದೂರು ಮತ್ತೆ ಬರುತ್ತದೆ. ಚಾರ್ಜ್ ಎಲ್ಲಿಗೆ ಸೋರುತ್ತಿದೆ ಎಂದು ತಿಳಿಯದೆ ತುಂಬಿಸಿ ಪ್ರಯೋಜನವಿಲ್ಲ.

"ರಾತ್ರಿಯಿಡೀ ಚಾರ್ಜಿಗೆ ಹಾಕಿಡಿ, ಬಿಎಂಎಸ್ ತಾನೇ ಬ್ಯಾಲೆನ್ಸ್ ಮಾಡುತ್ತದೆ" ಎಂಬ ಸಲಹೆಯೂ ಇಲ್ಲಿ ನಡೆಯದು. ಮೇಲಿರುವ ಗ್ರೂಪ್‌ನ ಚಾರ್ಜ್ ಇಳಿಸುವ ಬ್ಯಾಲೆನ್ಸ್ ರೆಸಿಸ್ಟರ್ ಈ ಬೋರ್ಡಿನಲ್ಲಿ 100 ಓಮ್, ಹರಿಯುವುದು 42 ಮಿಲಿಆಂಪಿಯರ್. ಗ್ರೂಪ್‌ಗಳ ನಡುವೆ 4 ಎಎಚ್ ಅಂತರವಿದ್ದರೆ ಸರಿದೂಗಿಸಲು 95 ಗಂಟೆ ಬೇಕು, ಅದೂ ಎಡೆಬಿಡದೆ ನಡೆದರೆ.

4. ಸೋರುವುದು ಸೆಲ್ಲೋ ಬೋರ್ಡೋ

ಮತ್ತೆ 16 ಗ್ರೂಪನ್ನೂ 4.18ಕ್ಕೆ ತಂದು, ಈ ಸಲ ಬ್ಯಾಲೆನ್ಸ್ ಪ್ಲಗ್ ಕಳಚಿ 10 ದಿನ ಬಿಟ್ಟದ್ದು. 5ನೇ ಗ್ರೂಪ್ 4.17ರಲ್ಲೇ ನಿಂತಿತು, ಬೇರೆಯವುಗಳ ಹಾಗೆಯೇ. 12ನೆಯದು ಮತ್ತೆ 4.06ಕ್ಕೆ ಇಳಿಯಿತು. ಈ ಒಂದು ಪರೀಕ್ಷೆಯಿಂದ ಎರಡೂ ರೋಗ ಬೇರೆ ಬೇರೆ ಎಂದು ಖಚಿತವಾಯಿತು: 5ನೆಯದನ್ನು ಹೀರುತ್ತಿದ್ದದ್ದು ಬಿಎಂಎಸ್, 12ನೆಯದು ತನ್ನೊಳಗೇ ಸೋರುತ್ತಿದೆ.

ಬೋರ್ಡಿನ ಸೋರಿಕೆಯನ್ನು ನೇರವಾಗಿಯೂ ಅಳೆಯಬಹುದು. ಪ್ಲಗ್ ಮತ್ತು ಬೋರ್ಡ್ ನಡುವೆ ಒಂದೊಂದು ಸೆನ್ಸ್ ತಂತಿಗೆ ಮಿಲಿಆಂಪಿಯರ್ ಮೀಟರ್ ಸರಣಿಯಲ್ಲಿ ಹಾಕಿದರೆ ಹೆಚ್ಚಿನವುಗಳಲ್ಲಿ 0.1ಕ್ಕಿಂತ ಕಡಿಮೆ ಬಂತು. ಬಿ4 ತಂತಿಯಲ್ಲಿ 5.2 ಮಿಲಿಆಂಪಿಯರ್, ಬಿ5ರಲ್ಲೂ 5.2, ದಿಕ್ಕು ಮಾತ್ರ ತಿರುವುಮುರುವು. 5ನೇ ಗ್ರೂಪ್ ಇರುವುದು ಈ ಎರಡು ತಂತಿಗಳ ನಡುವೆ, ಹಾಗಾಗಿ ಸೋರಿಕೆಯ ಕರೆಂಟ್ ಒಂದರಿಂದ ಹೋಗಿ ಇನ್ನೊಂದರಿಂದ ಬರಲೇಬೇಕು. ಒಂದೇ ತಂತಿಯಲ್ಲಿ ಕಂಡರೆ ಕಾರಣ ಬೇರೆ. 5.2 ಮಿಲಿಆಂಪಿಯರ್ ಎಂದರೆ ತಿಂಗಳಿಗೆ 3.7 ಎಎಚ್. ದಿನಾ ಓಡುವ ಗಾಡಿಯಲ್ಲಿ ಇದರ ಒಂದಿಷ್ಟನ್ನು ಬ್ಯಾಲೆನ್ಸಿಂಗ್ ಸರಿದೂಗಿಸುತ್ತದೆ. ಮಳೆಗೆ ಹೆದರಿ ಗಾಡಿ ನಿಲ್ಲಿಸಿದ ತಿಂಗಳುಗಳಲ್ಲಿ ಪೂರ್ತಿ ನಷ್ಟವೇ.

5. 12ನೇ ಗ್ರೂಪ್ ಬಿಡಿಸಿದ್ದು

ಕಳಚುವ ಕ್ರಮ: ಮೊದಲು ಬ್ಯಾಲೆನ್ಸ್ ಪ್ಲಗ್, ಆಮೇಲೆ ಬಿಎಂಎಸ್‌ಗೆ ಹೋಗುವ ದಪ್ಪ ನೆಗೆಟಿವ್. ಜೋಡಿಸುವಾಗ ಇದರ ಉಲ್ಟಾ. ಕ್ರಮ ತಪ್ಪಿದರೆ ಕರೆಂಟ್ ಸೆನ್ಸ್ ತಂತಿಗಳ ಮೂಲಕ ದಾರಿ ಹುಡುಕಿ ಬೋರ್ಡ್ ಸುಡುತ್ತದೆ.

ನಿಕ್ಕಲ್ ಪಟ್ಟಿಯನ್ನು ಮೇಲಕ್ಕೆ ಎಳೆದು ಕೀಳಬಾರದು, ಸೆಲ್‌ನ ತಲೆ ಹರಿದು ಬರುತ್ತದೆ. ಮೂಗಿನ ಇಕ್ಕಳದಲ್ಲಿ ಪಟ್ಟಿಯ ತುದಿ ಹಿಡಿದು ಚಾಪೆ ಸುತ್ತುವಂತೆ ಸುತ್ತುತ್ತ ಹೋದರೆ ಬಿಂದು ಬಿಂದುವಾಗಿ ಬಿಡುತ್ತದೆ. ಕೆಲಸ ನಡೆಯದ ಜಾಗವನ್ನೆಲ್ಲ ಫಿಶ್ ಪೇಪರ್ (ಕರೆಂಟ್ ತಡೆಯುವ ದಪ್ಪ ಕಾಗದ) ನಿಂದ ಮುಚ್ಚಿರಬೇಕು. ಪಾಸಿಟಿವ್ ತಲೆಯ ಸುತ್ತಲಿನ ಅಂಚೇ ನೆಗೆಟಿವ್, ನಡುವೆ ಒಂದು ಮಿಲಿಮೀಟರ್ ಕೂಡ ಸರಿಯಾಗಿ ಇಲ್ಲ.

ಹತ್ತೂ ಸೆಲ್ ಬೇರೆ ಮಾಡಿ, ಒಂದೊಂದನ್ನೂ 4.18ಕ್ಕೆ ತಂದು 5 ದಿನ ಇಟ್ಟಾಗ 8 ಸೆಲ್ 4.16–4.17ರಲ್ಲಿ ಉಳಿದವು. ಎರಡು ಮಾತ್ರ 3.84 ಮತ್ತು 3.79. ಒಂದು ಆಂಪಿಯರ್‌ನಲ್ಲಿ ಕೆಪಾಸಿಟಿ ಪರೀಕ್ಷೆ ಮಾಡಿದರೆ ಎಂಟು 2.09ರಿಂದ 2.17 ಎಎಚ್ ಕೊಟ್ಟವು, ಆ ಎರಡು 1.38 ಮತ್ತು 1.29. ಎರಡೂ ಹೀಟ್‌ಸಿಂಕ್‌ನ ನೇರ ಕೆಳಗಿದ್ದವು. ಪ್ಯಾರಲಲ್ ಆಗಿರುವಾಗ ಚೆನ್ನಾಗಿರುವ ಎಂಟು ಸೆಲ್ ಈ ಎರಡಕ್ಕೆ ಹಗಲು ರಾತ್ರಿ ಚಾರ್ಜ್ ಉಣಿಸುತ್ತಿದ್ದವು. ಗ್ರೂಪ್ ನಿಧಾನಕ್ಕೆ ಇಳಿಯುತ್ತಿದ್ದ ಕಾರಣ ಇದು.

ಏರಿನಲ್ಲಿ ಕಟ್ ಆಗುತ್ತಿದ್ದದ್ದರ ಲೆಕ್ಕವೂ ಇಲ್ಲೇ ಸಿಗುತ್ತದೆ. ಮಣಿಪಾಲದ ಏರಿಗೆ ಕಂಟ್ರೋಲರ್ ಎಳೆಯುವುದು 38 ಆಂಪಿಯರ್. ಭಾರ ಬಿದ್ದಾಗಿನ 12ನೇ ಗ್ರೂಪ್‌ನ ರೋಧ ಸುಮಾರು 11 ಮಿಲಿಓಮ್, ಅಂದರೆ 0.42 ವೋಲ್ಟ್ ಕುಸಿತ. ಗ್ರೂಪ್ 3.2ರಲ್ಲಿದ್ದರೆ ಕೂಡಲೇ 2.78. ಬಿಎಂಎಸ್‌ನ ಕಟ್‌ಆಫ್ 2.8. ಕೀ ತಿರುಗಿಸಿ ಭಾರ ಇಳಿಸಿದರೆ ವೋಲ್ಟೇಜ್ ಮೇಲೆ ಬರುತ್ತದೆ, ಗಾಡಿ ಹೊರಡುತ್ತದೆ.

ಎರಡೇ ಸೆಲ್ ಬದಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಳೆಯ ಎಂಟರ ಜೊತೆ ಹೊಸ ಎರಡು ಪ್ಯಾರಲಲ್ ಆದರೆ ರೋಧ ಕಡಿಮೆ ಇರುವ ಹೊಸವು ತಮ್ಮ ಪಾಲಿಗಿಂತ ಹೆಚ್ಚು ಕರೆಂಟ್ ಹೊರುತ್ತವೆ, ಬೇಗ ಸವೆಯುತ್ತವೆ. ಆದರೆ ಇಡೀ ಗ್ರೂಪ್ ಹೊಸದಾದರೆ ತೊಂದರೆ ಇಲ್ಲ. ಸೀರೀಸ್‌ನಲ್ಲಿ ಒಂದು ಗ್ರೂಪ್‌ನ ಕೆಪಾಸಿಟಿ ಉಳಿದವಕ್ಕಿಂತ ಹೆಚ್ಚಿದ್ದರೆ ಅದರಲ್ಲಿ ಸ್ವಲ್ಪ ಉಳಿಯುತ್ತದೆ, ಅಷ್ಟೆ. ಎಲ್ಲ ಗ್ರೂಪ್ ಒಂದೇ ಮೇಲ್ಮಟ್ಟದಿಂದ ಹೊರಡಬೇಕು, ಅದೊಂದೇ ಷರತ್ತು.

ಯಾವುದಾದರೂ ಗ್ರೂಪ್ 2 ವೋಲ್ಟ್‌ಗಿಂತ ಕೆಳಗೆ ಹೋಗಿ ದಿನಗಟ್ಟಲೆ ಇದ್ದರೆ ಅದನ್ನು ಎಬ್ಬಿಸುವ ಪ್ರಯತ್ನ ಬೇಡವೇ ಬೇಡ. ಒಳಗಿನ ತಾಮ್ರ ಕರಗಿರುತ್ತದೆ, ಚಾರ್ಜ್ ಮಾಡುವಾಗ ಅದು ಎಲ್ಲೆಲ್ಲೋ ಕೂತು ಶಾರ್ಟ್ ಆಗಬಹುದು.

6. ಬಿಎಂಎಸ್: ತೊಳೆದು ನೋಡಿ, ಕೊನೆಗೆ ಬದಲಿಸಿದ್ದು

99% ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕಿಲುಬು ಉಜ್ಜಿ, ಬಿಸಿಗಾಳಿಯಲ್ಲಿ ಒಣಗಿಸಿ ಅಳೆದರೆ ಸೋರಿಕೆ 5.2ರಿಂದ 1.8ಕ್ಕೆ ಇಳಿಯಿತು. ಕನೆಕ್ಟರ್ ಬಿಚ್ಚಿ ಹೊಸತು ಬೆಸುಗೆ ಹಾಕಿದ ಮೇಲೂ 1.7. ಉಪ್ಪು ಬ್ಯಾಲೆನ್ಸ್ ಟ್ರಾನ್ಸಿಸ್ಟರ್‌ನ ಕೆಳಗೆ ಸೇರಿತ್ತು. ಡೇಟಾ ತಂತಿ ಇರುವ ಗಾಡಿಯಾದರೆ ಆ ಟ್ರಾನ್ಸಿಸ್ಟರನ್ನೂ ಬದಲಿಸಿ ಹಳೆ ಬೋರ್ಡನ್ನೇ ಉಳಿಸಿಕೊಳ್ಳಬೇಕಿತ್ತು. ಇಲ್ಲಿ 16 ಸೀರೀಸ್, 50 ಆಂಪಿಯರ್, ಎನ್‌ಎಂಸಿಗೆ ಹೊಂದುವ ಹೊಸ ಬೋರ್ಡ್ ಹಾಕಿದ್ದು. ಎಲ್‌ಎಫ್‌ಪಿ ಎಂಬ ಇನ್ನೊಂದು ಬಗೆಯ ಸೆಲ್‌ಗೆ ಮಾಡಿದ ಬೋರ್ಡ್ ನೋಡಲು ಹಾಗೇ ಇರುತ್ತದೆ, ಕಟ್‌ಆಫ್ ವೋಲ್ಟೇಜ್ ಬೇರೆ. ಕೊಳ್ಳುವಾಗ ಲೇಬಲ್ ಓದಬೇಕು.

ಹಳೆಯ ಪ್ಲಗ್ ಹೊಸ ಬೋರ್ಡಿಗೆ ಕೂರುತ್ತದೆ ಎಂದು ಚುಚ್ಚಿಬಿಡಬಾರದು, ಪಿನ್ ಕ್ರಮ ಬೇರೆ ಇರಬಹುದು. ಹೊಸ ಬೋರ್ಡಿನ ಜೊತೆ ಬಂದ ತಂತಿಯನ್ನೇ ಹಾಕಿ, ಬೋರ್ಡಿಗೆ ಜೋಡಿಸುವ ಮೊದಲು ಪ್ಲಗ್‌ನಲ್ಲಿ ಅಳೆದು ನೋಡಬೇಕು: ಮೊದಲ ಪಿನ್‌ನಿಂದ ಮುಂದಕ್ಕೆ ಪ್ರತಿ ಹೆಜ್ಜೆಗೂ ಒಂದು ಗ್ರೂಪ್‌ನಷ್ಟು, 4.15 ವೋಲ್ಟ್ ಹತ್ತಿರ, ಏರಬೇಕು. ಎಲ್ಲಾದರೂ 0 ಅಥವಾ 8 ಬಂದರೆ ತಂತಿ ಅದಲು ಬದಲಾಗಿದೆ.

ಬೋರ್ಡಿಗೆ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಎರಡು ಸಲ. ಕನೆಕ್ಟರ್ ಬಾಯಿಗೆ ಮೊದಲೇ ಕ್ಯಾಪ್ಟಾನ್ (Kapton) ಟೇಪ್ ಹಾಕಿರಬೇಕು, ಕೋಟಿಂಗ್ ಪಿನ್‌ಗೆ ಸೇರಿದರೆ ಸಂಪರ್ಕವೇ ತಪ್ಪುತ್ತದೆ. ಜಾಗವನ್ನೂ ಬದಲಿಸಿದ್ದು: ಸೆಲ್‌ಗಳ ಮೇಲಿನಿಂದ ಪಕ್ಕದ ಗೋಡೆಗೆ, 3 ಮಿ.ಮೀ. ಫೈಬರ್ ಶೀಟ್‌ನ ಮೇಲೆ, ಸೆಲ್‌ಗೂ ಅದಕ್ಕೂ 6 ಮಿ.ಮೀ. ಅಂತರ ಬಿಟ್ಟು. ಉಷ್ಣತೆಯ ಸೆನ್ಸರ್ 10 ಕಿಲೋಓಮ್‌ನದು. 30 ಡಿಗ್ರಿಯಲ್ಲಿ 8 ಕಿಲೋಓಮ್ ತೋರಿಸಿದರೆ ಸರಿ ಇದೆ. ಅದನ್ನು ಬೋರ್ಡಿನ ಹತ್ತಿರದ ಗ್ರೂಪ್‌ನ ನಡುವಿನ ಸೆಲ್‌ಗೆ ತಾಗಿಸಿ ಕಟ್ಟಲಾಯಿತು.

7. ಹೊಸ ಗ್ರೂಪ್

ಹಳೆಯದೇ ಮಾದರಿಯ 2.6 ಎಎಚ್ ಸೆಲ್ 12 ತಂದು, ರೋಧ ಮತ್ತು ವೋಲ್ಟೇಜ್ ಹತ್ತಿರ ಹತ್ತಿರ ಇರುವ ಹತ್ತನ್ನು ಆರಿಸಿದ್ದು. ಪಟ್ಟಿ 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಶುದ್ಧ ನಿಕ್ಕಲ್. ಮಾರುಕಟ್ಟೆಯಲ್ಲಿ ನಿಕ್ಕಲ್ ಬಳಿದ ಉಕ್ಕಿನ ಪಟ್ಟಿಯೂ ಅದೇ ಹೆಸರಲ್ಲಿ ಸಿಗುತ್ತದೆ. ಪರೀಕ್ಷೆ ಸುಲಭ: ತುಂಡೊಂದನ್ನು ಸಾಣೆಕಾಗದದಲ್ಲಿ ಉಜ್ಜಿ ಒಂದು ಲೋಟ ಸಮುದ್ರದ ನೀರಲ್ಲಿ ಹಾಕಿಟ್ಟರೆ ಉಕ್ಕಾದರೆ ಒಂದೆರಡು ದಿನದಲ್ಲಿ ತುಕ್ಕು ಕಾಣುತ್ತದೆ. ಮೊದಲು ತಂದ ಸುರುಳಿ ಹೀಗೆ ತುಕ್ಕು ಹಿಡಿದು ವಾಪಸ್ ಹೋಯಿತು. ಕರಾವಳಿಯಲ್ಲಿ ಈ ಪರೀಕ್ಷೆ ಮಾಡದೆ ವೆಲ್ಡ್ ಮಾಡಬಾರದು. ಉಕ್ಕಿನ ರೋಧವೂ ಹೆಚ್ಚು, ಪಟ್ಟಿಯೇ ಬಿಸಿಯಾಗುತ್ತದೆ.

ಸ್ಪಾಟ್ ವೆಲ್ಡಿಂಗ್ ಸೆಟ್ಟಿಂಗ್ ನೋಡಲು ಸತ್ತ ಎರಡು ಸೆಲ್ ಉಪಯೋಗಕ್ಕೆ ಬಂದವು. ಕಡಿಮೆ ಶಕ್ತಿಯಲ್ಲಿ ಪಟ್ಟಿ ಸಲೀಸಾಗಿ ಎದ್ದು ಬಂತು, ಹೆಚ್ಚು ಮಾಡಿದಾಗ ತೂತಾಯಿತು. ಇಕ್ಕಳದಿಂದ ಕಿತ್ತಾಗ ಪಟ್ಟಿ ಹರಿದು, ಬಿಂದುವಿನಷ್ಟು ನಿಕ್ಕಲ್ ಸೆಲ್‌ನಲ್ಲೇ ಉಳಿದರೆ ವೆಲ್ಡ್ ಸರಿ. ಸೆಲ್‌ಗೆ ನೇರ ಬೆಸುಗೆ ಕಡ್ಡಿ ಇಡುವ ಮಾತೇ ಬೇಡ, ಆ ಬಿಸಿಗೆ ಒಳಗಿನ ಸೀಲ್ ಮತ್ತು ಪರದೆ ಹಾಳಾಗುತ್ತವೆ. ಪ್ರತಿ ಪಾಸಿಟಿವ್ ತಲೆಗೂ ಹೊಸ ಫಿಶ್ ಪೇಪರ್ ಉಂಗುರ.

ಹೊಸ ಗ್ರೂಪನ್ನು ಪ್ಯಾಕಿಗೆ ಸೇರಿಸುವ ಮೊದಲೇ 4.15ಕ್ಕೆ ಚಾರ್ಜ್ ಮಾಡಿ, ಉಳಿದ 15ನ್ನೂ ಅದೇ ಮಟ್ಟಕ್ಕೆ ತಂದದ್ದು. ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೇ. ಇಲ್ಲಿ ಅವಸರ ಮಾಡಿದರೆ ಮುಂದೆ ಬಿಎಂಎಸ್ ವಾರಗಟ್ಟಲೆ ಒದ್ದಾಡಬೇಕಾಗುತ್ತದೆ.

8. ಮುಚ್ಚುವುದು

ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕಾನ್ ಸೀಲಂಟ್ ಬಳಸಬಾರದು. ಗಟ್ಟಿಯಾಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಎಂದಿರುವುದೇ ಬೇಕು. ಹೊಸ ಗ್ಯಾಸ್ಕೆಟ್, ನೀರು ತಡೆದು ಗಾಳಿ ಬಿಡುವ ವೆಂಟ್ ಒಂದು, ಸಿಲಿಕಾ ಜೆಲ್ ಪೊಟ್ಟಣ ನಾಲ್ಕು. ಮಳೆಗಾಲದ ದಿನ ಹೊರಗೆ ಕೂತು ಮುಚ್ಚಳ ಹಾಕಿದರೆ ಒದ್ದೆ ಗಾಳಿಯನ್ನೇ ಒಳಗೆ ಕಟ್ಟಿಟ್ಟಂತೆ. ಎಸಿ ಹಾಕಿದ ಕೋಣೆಯಲ್ಲಿ ತೆರೆದ ಪೆಟ್ಟಿಗೆಯನ್ನು ಎರಡು ಮೂರು ಗಂಟೆ, ಪಕ್ಕದಲ್ಲೇ ಯಾರಾದರೂ ಇರುವಂತೆ, ಇಟ್ಟು ಅಲ್ಲೇ ಸ್ಕ್ರೂ ಬಿಗಿದದ್ದು.

9. ಭಾರ ಹಾಕಿ ನೋಡಿದ್ದು

1.5 ಕಿಲೋವ್ಯಾಟ್‌ನ ನೀರು ಕಾಯಿಸುವ ರಾಡ್ ಮೂರನ್ನು ಪ್ಯಾರಲಲ್ ಮಾಡಿ 60 ಲೀಟರ್ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದರೆ 60 ವೋಲ್ಟ್‌ಗೆ 5 ಆಂಪಿಯರ್ ಎಳೆಯುತ್ತದೆ. ಅಗ್ಗದ, ನಂಬಿಕೆಯ ಲೋಡ್. ಸ್ವಿಚ್ ಮಾತ್ರ ಡಿಸಿ ಎಂಸಿಬಿಯೇ ಆಗಬೇಕು, ಮನೆಯ ಎಸಿ ಸ್ವಿಚ್‌ನಲ್ಲಿ ಡಿಸಿ ಕಿಡಿ ಆರುವುದಿಲ್ಲ. ಮೊದಲ ಗ್ರೂಪ್ 3.0 ವೋಲ್ಟ್ ಮುಟ್ಟುವಾಗ ಮೀಟರ್‌ನಲ್ಲಿ 21.2 ಎಎಚ್, 1.24 ಕಿಲೋವ್ಯಾಟ್-ಅವರ್. ಮೊದಲು ಮುಟ್ಟಿದ್ದು 9ನೇ ಗ್ರೂಪ್, ಹೊಸ 12ನೆಯದು ಆಗಲೂ 3.5ರ ಮೇಲೆಯೇ ಇತ್ತು.

26ರಲ್ಲಿ 21.2, ಅಂದರೆ 82%. ನಿಜವಾದ ಸವಕಳಿ ಇಷ್ಟೇ, ಇದನ್ನು ಯಾರೂ ವಾಪಸ್ ತರಲಾರರು. ಉಳಿದ ನಷ್ಟವೆಲ್ಲ ಏರುಪೇರಿನದು, ಅದು ರಿಪೇರಿಗೆ ಬಗ್ಗುತ್ತದೆ. ರಸ್ತೆಯಲ್ಲಿ 51 ಕಿ.ಮೀ. ಸಿಕ್ಕಿತು. ಮಣಿಪಾಲದ ಏರಿನಲ್ಲಿ, 40% ಚಾರ್ಜ್ ಇರುವಾಗ, ಅತಿ ಕೆಳಗೆ ಹೋದ ಗ್ರೂಪ್ 3.40 ವೋಲ್ಟ್.

ಖರ್ಚು (ರೂಪಾಯಿಗಳಲ್ಲಿ): 12 ಸೆಲ್ 2,520. ಬಿಎಂಎಸ್ 2,800. ನಿಕ್ಕಲ್, ಫಿಶ್ ಪೇಪರ್, ಟೇಪ್ 650. ಕೋಟಿಂಗ್, ಆಲ್ಕೋಹಾಲ್ 700. ಸೀಲಂಟ್, ಗ್ಯಾಸ್ಕೆಟ್, ವೆಂಟ್ 480. ಸಿಲಿಕಾ ಜೆಲ್ 60. ಒಟ್ಟು 7,210, ಮಜೂರಿ ಬೇರೆ. ಎಲ್ಲ ಗ್ರೂಪ್ ಸಮನಾಗಿ 60%ಗೆ ಇಳಿದ ಪ್ಯಾಕ್ ಆಗಿದ್ದರೆ ಈ ಹಣ ಹಾಕುವುದು ತಪ್ಪು, ಆಗ ಹೊಸ ಪ್ಯಾಕೇ ಸರಿ.

ಗಾಡಿ ಕೊಡುವಾಗ ಹೇಳಿದ್ದು

ನಮ್ಮ ಕಡೆ ಚಳಿಯಿಂದ ಸೆಲ್ ಕೆಡುವುದಿಲ್ಲ. ಕೆಡಿಸುವುದು ಸೆಕೆ, ಅದರ ಜೊತೆಗೆ 100% ಚಾರ್ಜ್. ಪೂರ್ತಿ ತುಂಬಿಸಿ ಬೀಚ್ ಬದಿಯ ಬಿಸಿಲಲ್ಲಿ ದಿನವಿಡೀ ನಿಲ್ಲಿಸುವುದು ಓಡಿಸುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ದಿನಬಳಕೆಗೆ 80–90% ಸಾಕು, ವಾರಕ್ಕೊಮ್ಮೆ ಪೂರ್ತಿ ಮಾಡಿ ಚಾರ್ಜರ್ ಹಸಿರಾದ ಮೇಲೂ ಎರಡು ಮೂರು ಗಂಟೆ, ಮನೆಯಲ್ಲಿ ಯಾರಾದರೂ ಎಚ್ಚರವಿರುವ ಹೊತ್ತಿನಲ್ಲಿ, ಬಿಟ್ಟರೆ ಬ್ಯಾಲೆನ್ಸಿಂಗ್ ನಡೆಯುತ್ತದೆ. ಓಡಿಸಿ ಬಂದು ಅರ್ಧ ಗಂಟೆ ತಣಿದ ಮೇಲೆ ಚಾರ್ಜಿಗೆ ಹಾಕಬೇಕು.

ಮುಂಬೈಗೋ ಗಲ್ಫಿಗೋ ತಿಂಗಳುಗಟ್ಟಲೆ ಹೋಗುವವರ ಗಾಡಿಗಳು ಇಲ್ಲಿ ಬಹಳ. ಹೋಗುವಾಗ ಫುಲ್ ಚಾರ್ಜ್ ಮಾಡಿಡುವುದೂ ಬೇಡ, ಖಾಲಿ ಬಿಡುವುದೂ ಬೇಡ. ಈ 16 ಸೀರೀಸ್ ಪ್ಯಾಕಿಗೆ ಮೀಟರ್‌ನಲ್ಲಿ 60 ವೋಲ್ಟ್ ಕಂಡಾಗ ನಿಲ್ಲಿಸಿ ಗಾಡಿಯ ಎಂಸಿಬಿ ಇಳಿಸಬೇಕು. ಎರಡು ತಿಂಗಳಿಗೊಮ್ಮೆ ಮನೆಯವರು ಅಳೆದು, 57ಕ್ಕೆ ಇಳಿದಿದ್ದರೆ ಒಂದು ಗಂಟೆ ಚಾರ್ಜ್ ಮಾಡಿದರೆ ಸಾಕು.

ತೆಗೆದ ಸೆಲ್‌ಗಳಲ್ಲಿ ಎಂಟು ಚೆನ್ನಾಗಿರುವುದರಿಂದ ಎಮರ್ಜೆನ್ಸಿ ಲೈಟಿಗೆ ಹೋದವು. ಕೆಟ್ಟ ಎರಡರ ತುದಿಗಳಿಗೆ ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿ, ರೀಸೈಕ್ಲಿಂಗ್‌ಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದಡಿ ಹಳೆ ಬ್ಯಾಟರಿಯನ್ನು ಸಂಗ್ರಹಿಸುವ ಹೊಣೆ ತಯಾರಕರದು, ಗುಜರಿಗೆ ಹಾಕುವಂತಿಲ್ಲ.

ಒಂದು ತಿಂಗಳ ಬಳಿಕದ ಅಳತೆ: ಪೂರ್ತಿ ಚಾರ್ಜ್‌ನಲ್ಲಿ 67.0 ವೋಲ್ಟ್, ಅತಿ ಹೆಚ್ಚು ಮತ್ತು ಅತಿ ಕಡಿಮೆ ಗ್ರೂಪ್ ನಡುವೆ 9 ಮಿಲಿವೋಲ್ಟ್. ಬಿ4, ಬಿ5 ತಂತಿಗಳಲ್ಲಿ ಸೋರಿಕೆ 0.1ಕ್ಕಿಂತ ಕಡಿಮೆ. ಮುಂದಿನ ತಪಾಸಣೆ ಅಕ್ಟೋಬರ್‌ನಲ್ಲಿ, ಮಳೆ ಬಿಟ್ಟ ಮೇಲೆ. ಆಗ ನೋಡಬೇಕಾದದ್ದು 9ನೇ ಗ್ರೂಪ್ ಮತ್ತು ಗ್ಯಾಸ್ಕೆಟ್‌ನ ಆ ಮೂಲೆ.